ಗುಂಡಿಯ ಮೇಲೆ ಎರಡು ಕೈ

ಢಣ್, ಢಣ್ ಎಂದು ಚರ್ಚಿನ ಮೊದಲ ಗಂಟೆ ಹೊಡೆದಾಗ ಸೌರಿಯಮ್ಮ ಚರ್ಚಿನ ದಾರಿಯಲ್ಲಿರಲಿಲ್ಲ. ಕೊಳ್ಳೇಗಾಲದ ನೇಕಾರರ ಬೀದಿಯಲ್ಲಿ ಗೋವಿಂದಯ್ಯನ ಮನೆಯ ಮುಂದೆ ನಿಂತಿದ್ದಳು. ೧೯೪೮ರ ಪಾಸ್ಕ ಹಬ್ಬದ, ಅಂದರೆ ಈಸ್ಟರಿನ, ಬೆಳಗು ಅದು. ಪೂಜೆ ಶುರುವಾಗುವ ಮೂರನೆಯ ಗಂಟೆಯೊಳಗೆ ಈ ಮನೆಯವರು ಕ್ಷಮಿಸದಿದ್ದರೆ ಅವಳಿಗೆ ಈ ಹಬ್ಬದಲ್ಲಿ ಸತ್ಪ್ರಸಾದವಿಲ್ಲ.

ಮಾರ್ಟಳ್ಳಿಯಿಂದ ಈ ಊರಿಗೆ ಸೊಸೆಯಾಗಿ ಬಂದವಳು. ಗಂಡ ತೀರಿಕೊಂಡ ಮೇಲೆ ಹದಿನಾರು ವರ್ಷಗಳಿಂದ ಗೋವಿಂದಯ್ಯನ ಮಗ್ಗಕ್ಕೆ ರೇಷ್ಮೆ ನೂಲು ಸುತ್ತಿಕೊಡುತ್ತಿದ್ದಳು. ಬೀದಿಯಲ್ಲಿ ಯಾರಿಗೆ ಜ್ವರ ಬಂದರೂ ಗಂಜಿ ಹೋಗುವುದು ಅವಳ ಮನೆಯಿಂದಲೇ. ಒಂದೇ ಒಂದು ದೋಷ: ಯಾರಾದರೂ ಜಾರಿ ಬಿದ್ದರೆ ಎತ್ತಲು ಓಡುವವಳೂ ಅವಳೇ, ಎತ್ತುತ್ತಾ ನಗುವವಳೂ ಅವಳೇ.

ಒಂಬತ್ತು ದಿನಗಳ ಹಿಂದೆ ಗೋವಿಂದಯ್ಯ ಒಬ್ಬ ವ್ಯಾಪಾರಿಗೆ ಹೊಸ ಸೀರೆ ತೋರಿಸುತ್ತಿದ್ದ. ಒಂದು ತುದಿಯನ್ನು ಬಂದವರ ಕೈಗೆ ಕೊಟ್ಟು, ತಾನು ಸೆರಗು ಹಿಡಿದು ಹಿಂದೆ ಹಿಂದೆ ಹೆಜ್ಜೆಯಿಡುತ್ತಾ ಸೀರೆ ಬಿಡಿಸುವುದು ಅವನ ರೂಢಿ. ಮೂವತ್ತು ವರ್ಷ ಕಾಲು ಇಳಿಬಿಟ್ಟು ಕೂತಿದ್ದ ಮಗ್ಗದ ಗುಂಡಿಯನ್ನೇ ಅಂದು ಮರೆತ. ಗೋವಿಂದಯ್ಯ ಮಾಯವಾದ, ಸೆರಗು ಹಿಡಿದ ಎರಡು ಕೈ ಮಾತ್ರ ಗುಂಡಿಯ ಮೇಲೆ ಉಳಿದವು. ಎಲ್ಲರೂ ಅಯ್ಯೋ ಎಂದರು. ಸೌರಿಯಮ್ಮ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಅವನ ಕಾಲು ಉಳುಕಿತು, ಮಗ್ಗ ನಿಂತಿತು, ಅವಳೊಂದಿಗೆ ಮಾತೂ ನಿಂತಿತು.

ನಿನ್ನೆ ಪಾಪನಿವೇದನೆಯಲ್ಲಿ ಚರ್ಚಿನ ಸ್ವಾಮಿಗಳು, "ಕ್ಷಮಿಸುವುದು ದೇವರಿಗೆ ಸುಲಭ ಮಗಳೇ, ಬಿದ್ದವನಿಗೆ ಕಷ್ಟ. ಮೊದಲು ಅವನನ್ನು ಕೇಳು, ಆಮೇಲೆ ಪ್ರಸಾದಕ್ಕೆ ಬಾ" ಎಂದಿದ್ದರು.

"ಗೋವಿಂದಣ್ಣ, ನಾನು ನಗಬಾರ್ದಾಗಿತ್ತು. ತಪ್ಪಾಯ್ತು."

ಜಗಲಿಯ ಮೇಲೆ ಕಾಲು ನೀಡಿ ಕೂತಿದ್ದ ಗೋವಿಂದಯ್ಯ ಅವಳತ್ತ ಮುಖ ತಿರುಗಿಸಲಿಲ್ಲ.

"ಏನಾರ ಅನ್ನಿ ಅಂದ್ರೆ! ಅಬ್ಬದ ದಿನ ಬಂದವ್ಳೆ," ಎಂದಳು ಒಳಗಿನಿಂದ ಅವನ ಹೆಂಡತಿ ವಸಂತಮ್ಮ.

ಎರಡನೆಯ ಗಂಟೆ ಹೊಡೆಯಿತು.

"ಊರೋರೆಲ್ಲ ಬಂದು ಅಯ್ಯೋ ಅಂದ್ರು," ಎಂದು ಗೋವಿಂದಯ್ಯ ಕೊನೆಗೂ ಬಾಯಿಬಿಟ್ಟ. "ಮೂಲೆ ತಿರುಗ್ತಿದ್ದಂಗೇ ಕಿಸಕ್ ಅಂದ್ರು. ನಮ್ಮೋಳು ನನ್ ಸಮಾಧಾನಕ್ಕೆ ಏನಾರ ಏಳ್ತಾಳೆ. ನೀನೊಬ್ಳೇ ಎದುರ್ಗೇ ನಕ್ಕೋಳು. ದಿಟ ಏಳು. ಸೆರಗು ನೆಲ ಮುಟ್ತಾ?"

"ಇಲ್ಲ ಕಣಣ್ಣ. ನೀವು ಗುಂಡಿ ಒಳಕ್ಕೆ ಒಂಟೋದ್ರಿ, ಅದು ಮೇಲೇ ಇತ್ತು. ನಮ್ ಸ್ವಾಮಿಯೋರು ಪೂಜೇಲಿ ಎಲ್ಡು ಕೈಲಿ ಪ್ರಸಾದ ಎತ್ತಿ ಇಡೀತಾರಲ್ಲ, ಅಂಗೆ..." ಎರಡೂ ಕೈ ಎತ್ತಿ ತೋರಿಸಹೋದವಳಿಗೆ ಮತ್ತೆ ನಗು ಉಕ್ಕಿತು. ಹೆದರಿ ಬಾಯಿಗೆ ಸೆರಗು ಒತ್ತಿಕೊಂಡಳು.

"ಮುಟ್ನಿಲ್ಲ!" ಗೋವಿಂದಯ್ಯ ಒಂಬತ್ತು ದಿನ ಹಿಡಿದಿದ್ದ ಉಸಿರು ಬಿಟ್ಟ. ಆಮೇಲೆ ನಗುವಿಗೆ ಅವನ ಹೊಟ್ಟೆ ಕುಲುಕತೊಡಗಿತು. "ಕೇಳುದ್ಯಾ ವಸಂತಾ? ನಾನು ಮುಳುಗುದ್ರೂ ಸೀರೆ ಮುಳುಗ್ನಿಲ್ಲ! ಓಗಮ್ಮ ಸೌರಮ್ಮ, ಓಗಿ ಪ್ರಸಾದ ತಕೋ. ನನ್ ಮನ್ಸಲ್ಲಿ ಏನೂ ಇಲ್ಲ."

ಸೌರಿಯಮ್ಮನ ಹೆಗಲು ಹಗುರಾಯಿತು. ಮೂರನೆಯ ಗಂಟೆ ಶುರುವಾಯಿತು.

"ತಡಿ, ನನ್ ಪೇಟ ಎತ್ಲಾಗ್ ಬಿತ್ತು? ಇನ್ನೊಂದ್ ಕಿತ ಕೈ ಎತ್ತಿ ತೋರ್ಸು..."

ಇವತ್ತು ಸ್ವಾಮಿಗಳು ಕೈ ಎತ್ತುವಾಗ ತಲೆ ಬಗ್ಗಿಸಿಯೇ ಇರಬೇಕು ಎಂದುಕೊಳ್ಳುತ್ತಾ, ತಲೆಯ ಮೇಲೆ ಸೆರಗೆಳೆದುಕೊಂಡು ಅವಳು ಆಗಲೇ ಬೀದಿಗಿಳಿದಿದ್ದಳು.

"ಆ ವ್ಯಾಪಾರಿ ಮಕ ಎಂಗಾಗಿತ್ತು? ಅದಾರ ಏಳೋಗು! ಸೌರಮ್ಮಾ!"