ಟವೆಲ್ ಕೆಳಗೆ ನನ್ನ ಮನೆಯ ಬೆಲೆ

ಗೆಳತಿಯರೇ, ಮದುವೆಯಾಗಿ ತಿಂಗಳಾಗಿಲ್ಲ, ಇವತ್ತು ಮಾನ್ವಿಯಲ್ಲಿ ದಲ್ಲಾಳಿಯ ಜೊತೆ ಜಗಳಾಡಿಬಿಟ್ಟೆ! ಅಜ್ಜಿ ನನಗೆ ಬರೆದುಕೊಟ್ಟ ಮನೆಯನ್ನು ಮಾರಿ ನಾವು ರಾಯಚೂರಿನಲ್ಲಿ ಮನೆ ಕೊಳ್ಳಬೇಕು. ಆತ ಗೋಡೆ ಬಡಿದು ನೋಡಿದ, ಅಂಗಳವನ್ನು ಹೆಜ್ಜೆಯಲ್ಲಿ ಅಳೆದ. ಆಮೇಲೆ ಎತ್ತಿನ ಸಂತೆಯಲ್ಲಿ ಮಾಡುವಂತೆ ಕೈ ಮೇಲೆ ಟವೆಲ್ ಮುಚ್ಚಿ, ಅದರಡಿ ನನ್ನವರ ಬೆರಳು ಹಿಡಿದು ಗುಟ್ಟಾಗಿ ಬೆಲೆ ತಿಳಿಸಲು ಹೊರಟ.

"ಮನಿ ನಂದು, ನನ್ನ ಬೆರಳು ಹಿಡೀರಿ," ಎಂದು ಕೈ ಚಾಚಿದೆ.

"ಯವ್ವಾ, ಹೆಣ್ಮಕ್ಕಳ ಕೈ ಹೆಂಗ ಹಿಡೀಲಿ?"

"ಹಂಗಾದ್ರ ಬಾಯಿಬಿಟ್ಟು ಹೇಳ್ರಿ!"

ಹೇಳಿದ. ಕೇಳಿಸಿಕೊಂಡ ಪಕ್ಕದ ಮನೆಯ ಮುದುಕಿ ಕಟ್ಟೆಯಿಂದಲೇ ಕೂಗಿದಳು: "ಲೇ, ಹಿತ್ತಲದಾಗಿನ ಬಾವಿ ನೋಡೀಯೇನು? ಸಿಹಿನೀರು ಅದ!"

ಬೆಲೆ ಏರಿತು. ಹೋಗುವಾಗ ದಲ್ಲಾಳಿ ನನ್ನತ್ತ ಒಮ್ಮೆ ನೋಡಿ, ನನ್ನವರ ಬೆನ್ನು ಸವರಿ, "ಧೈರ್ಯಾಗಿರ್ರಿ ಸಾಹೇಬ್ರ," ಎಂದ. ಇವರು ತಲೆಯಾಡಿಸಿದರಲ್ಲ, ಅದೇ ನನಗೆ ಸಿಟ್ಟು!