ಹುಲ್ಲು ಬಿಟ್ಟ ಬದು

ಐವತ್ತಾರರ ಭಾದ್ರಪದದಲ್ಲಿ, ಒಂದು ಬುಧವಾರ ಮಧ್ಯಾಹ್ನ, ಪುಟ್ಟಮಲ್ಲಮ್ಮ ತಮ್ಮ ಗದ್ದೆಯಲ್ಲಿ ತೀರಿಕೊಂಡರು. ಎದೆ ನಿಂತುಹೋಯಿತು ಎಂದು ಕೃಷ್ಣರಾಜನಗರದಿಂದ ಬಂದ ಡಾಕ್ಟರು ಹೇಳಿದರು.

ಪುಟ್ಟಮಲ್ಲಮ್ಮ ಯಾರನ್ನೂ ನಂಬುತ್ತಿರಲಿಲ್ಲ. ಗಿರಣಿಯಿಂದ ಬಂದ ಅಕ್ಕಿಯನ್ನು ಮನೆಯಲ್ಲಿ ಮತ್ತೊಮ್ಮೆ ಅಳೆಯುತ್ತಿದ್ದರು. ಪ್ರಾಣದ ಗೆಳತಿ ಬಂದು ಜಗುಲಿಯಲ್ಲಿ ಕೂತರೂ, “ಏನ್ ಬೇಕಾಗಿ ಬಂದ್ಯೆ?” ಎಂದೇ ಮೊದಲು ಕೇಳುವುದು, ಮಜ್ಜಿಗೆ ಕೊಡುವುದು ಆಮೇಲೆ. ಈಗ ಆ ಜಗುಲಿಯಲ್ಲಿ ಹಾಗೆ ಕೇಳುವವರಿಲ್ಲ.

ನೀರಿನ ಊರು ಅವರನ್ನು ಹಾಗೆ ಮಾಡಿತ್ತು. ಅವರ ಗದ್ದೆ ಇದ್ದದ್ದು ನಾಲೆಯ ಕೊನೆಗೆ; ಅದರ ಕೆಳಗೆ ಚಿಕ್ಕಬಸಪ್ಪನ ಗದ್ದೆ ಒಂದೇ. ಮೇಲಿನವರು ಕದ್ದು ತೂಬು ಎತ್ತಿದರೆ ಇಲ್ಲಿ ಪೈರು ಒಣಗುತ್ತಿತ್ತು. ಗಂಡ ಹೋದಾಗ ಮಗ ಚನ್ನಬಸವಣ್ಣ ಇನ್ನೂ ತೊಟ್ಟಿಲಲ್ಲಿದ್ದ. ಅಂದಿನಿಂದ ನೀರಿನ ಸರದಿ ಬಂದಾಗಲೆಲ್ಲ ಪುಟ್ಟಮಲ್ಲಮ್ಮ ಮಗುವನ್ನು ಮಡಿಲಲ್ಲಿ ಹಾಕಿಕೊಂಡು ನಾಲೆಯ ಏರಿಯ ಮೇಲೆ ಕಾವಲು ಕೂರುತ್ತಿದ್ದರು. ಕಣ್ಣು ತೆಗೆದರೆ ನೀರು ಹೋಯಿತು ಎಂಬುದನ್ನು ಅವರು ಕಲಿತದ್ದು ಅಲ್ಲಿ.

ಚನ್ನಬಸವಣ್ಣ ದೊಡ್ಡವನಾಗಿ ಸರಗೂರಿನ ಕಡೆಯ ಮಂಗಳಮ್ಮನನ್ನು ಮದುವೆ ಮಾಡಿಕೊಂಡು ಬಂದ. ಅದು ರಾಗಿ ಜೋಳದ ಸೀಮೆ. ಹುಡುಗಿ ನಿಂತ ನೀರಿಗೆ ಕಾಲಿಟ್ಟವಳಲ್ಲ. “ಒಲದ ಉಡುಗಿ” ಎಂದು ಅತ್ತೆ ಹೆಸರಿಟ್ಟರು. ಚಿಕ್ಕಬಸಪ್ಪನ ಹೆಂಡತಿಯ ತವರೂ ಅದೇ ಕಡೆ ಎಂದು ತಿಳಿದ ದಿನ, ಅವರು ಸೊಸೆಯ ಮುಖವನ್ನು ಇನ್ನೊಂದು ಸಲ ನೋಡಿದರು.

ಐವತ್ತಾರರಲ್ಲಿ, ನಾಟಿಯ ಹೊತ್ತಿಗೆ, ಪುಟ್ಟಮಲ್ಲಮ್ಮ ಚಳಿಜ್ವರದಿಂದ ಹಾಸಿಗೆ ಹಿಡಿದರು. ಬದುವಿನ ಕೆಲಸ ಮೊದಲ ಸಲ ಸೊಸೆಯ ಪಾಲಿಗೆ ಬಂತು. ನಾಟಿಯೇನೋ ಮುಗಿಯಿತು. ಆದರೆ ಗದ್ದೆಯಲ್ಲಿ ನೀರು ನಿಲ್ಲದಾಯಿತು.

“ಸಂಜೆ ಕಟ್ಟಿದ್ ನೀರು ಬೆಳಿಗ್ಗೆ ಇಲ್ಲ ಕಣವ್ವ. ಚಿಕ್ಕಬಸಪ್ಪಣ್ಣನ ಗದ್ದೆ ನೋಡುದ್ರೆ ತುಂಬ್ಕೊಂಡದೆ” ಎಂದ ಮಗ.

“ದಿನಾ ಗದ್ದೆಗೆ ಓಗೋರು ಯಾರು?”

“ಮಂಗಳ.”

“ಅಲ್ಲಿ ಯಾರ ಜೊತೆ ಮಾತು?”

ಚನ್ನಬಸವಣ್ಣ ತಲೆ ಕೆರೆದುಕೊಂಡ. “ಚಿಕ್ಕಬಸಪ್ಪಣ್ಣನ ಎಂಡ್ತಿ ಜೊತೆ. ಏನೋ, ತವರಿನ ಸುದ್ದಿ.”

“ತವರಿನ ಸುದ್ದಿಗೆ ನಮ್ಮ ನೀರು ದಕ್ಷಿಣೆ!”

ಸೊಸೆಯನ್ನು ಕರೆಸಿದರು. “ಬದು ಒಡ್ದು ನೀರು ಬುಡ್ತಿದ್ದೀಯೇನಮ್ಮಿ?”

“ಶಿವನಾಣೆಗೂ ಇಲ್ಲ ಅತ್ತೆ. ಬದೂನ ಮಗೀನಂಗೆ ನೋಡ್ಕಂಡಿವ್ನಿ.”

“ಕಳ್ರಿಗೆಲ್ಲ ಶಿವನೇ ಸಾಕ್ಷಿ.”

ಭಾದ್ರಪದದ ಆ ಬುಧವಾರವೇ ಸೊಸೆಯನ್ನು ತವರಿಗೆ ಕಳಿಸುವುದೆಂದು ತೀರ್ಮಾನವಾಯಿತು. ಕಳ್ಳತನ ಹೊರಿಸಿ ಕಳಿಸಿದ ಸೊಸೆ ಮತ್ತೆ ಆ ಹೊಸಿಲು ತುಳಿಯುವುದು ಕಷ್ಟ. ಅದು ಮೂವರಿಗೂ ಗೊತ್ತಿತ್ತು. ಮಂಗಳಮ್ಮನ ಟ್ರಂಕು ಗಾಡಿ ಏರಿತು. ಜ್ವರ ಬಿಟ್ಟು ಇನ್ನೂ ನಡುಗುತ್ತಿದ್ದ ಪುಟ್ಟಮಲ್ಲಮ್ಮ ಕೋಲು ಹಿಡಿದು ತಾವೂ ಹತ್ತಿದರು.

“ಗದ್ದೆ ತಾವ ನಿಲ್ಸು. ಒಡ್ದಿರೋ ಜಾಗ ಇವಳ ಕೈಲೇ ತೋರಿಸ್ಬೇಕು.”

ಒಡೆದ ಜಾಗ ಎಲ್ಲಿಯೂ ಇರಲಿಲ್ಲ. ಬದುವಿನ ಉದ್ದಕ್ಕೂ ಹಸಿರು ಹುಲ್ಲು ಮೊಣಕಾಲೆತ್ತರ ಬೆಳೆದಿತ್ತು. ಅದನ್ನು ಕಂಡು ಪುಟ್ಟಮಲ್ಲಮ್ಮ ನಿಂತರು. ಕೋಲನ್ನು ಹುಲ್ಲಿನ ಬುಡಕ್ಕೆ ಊರಿದರೆ ಗೇಣುದ್ದ ಒಳಗೆ ಇಳಿಯಿತು. ಕೂತು, ಹುಲ್ಲು ಸರಿಸಿ ನೋಡಿದರು. ಏಡಿಯ ಬಿಲ. ಮಾರು ದೂರದಲ್ಲಿ ಇನ್ನೊಂದು. ನೀರು ಸದ್ದಿಲ್ಲದೆ ಚಿಕ್ಕಬಸಪ್ಪನ ಗದ್ದೆಗೆ ಇಳಿಯುತ್ತಿತ್ತು.

“ಉಲ್ಲು ಯಾಕ್ ಬುಟ್ಟೆ?”

“ನಮ್ಮೂರಲ್ಲಿ ಬದಿನ ಉಲ್ಲು ಕಿತ್ರೆ ನಮ್ಮಪ್ಪ ಬೆನ್ನು ಮುರೀತಿದ್ದ ಅತ್ತೆ. ಉಲ್ಲಿಲ್ದಿದ್ರೆ ಮಳೇಲಿ ಮಣ್ಣೆಲ್ಲ ಕೊಚ್ಕೊಂಡ್ ಓಯ್ತದೆ. ಅದುಕ್ಕೇ ಒಂದ್ ಕಡ್ಡೀನೂ ಮುಟ್ಲಿಲ್ಲ.”

ಗದ್ದೆಯ ಸೀಮೆಯಲ್ಲಿ ಬದುವನ್ನು ಬೋಳಾಗಿ ಕೆತ್ತಿ ಕೆಸರು ಮೆತ್ತದಿದ್ದರೆ ಅದು ಏಡಿಗಳ ಮನೆಯಾಗುತ್ತದೆ. ಇಲ್ಲಿ ಹುಟ್ಟಿದ ಯಾರಿಗೂ ಅದನ್ನು ಹೇಳಿಕೊಡಬೇಕಿಲ್ಲ. ಹಾಗಾಗಿ ಮಂಗಳಮ್ಮನಿಗೂ ಯಾರೂ ಹೇಳಿರಲಿಲ್ಲ.

ಪುಟ್ಟಮಲ್ಲಮ್ಮ ಕೋಲೂರಿ ಎದ್ದರು. ಆಮೇಲೆ ಕೆಳಗಿನ ಗದ್ದೆಯ ಕಡೆ ತಿರುಗಿದರು.

“ಏಡಿ ಮಾಡಿದ್ದು ಸರಿ. ಕಂಡೂ ಸುಮ್ಕಿದ್ನಲ್ಲ ಚಿಕ್ಕಬಸಪ್ಪ, ಅವನ್ನೇನ್ ಮಾಡಾನ?”

ಮಂಗಳಮ್ಮನಿಗೆ ನಗುವೂ ಅಳುವೂ ಒಟ್ಟಿಗೆ ಬಂದವು.

“ಗಾಡಿ ಒಡೀಲಾ ಅವ್ವ? ಬಿಸ್ಲು ಏರ್ತಾದೆ” ಎಂದ ಚನ್ನಬಸವಣ್ಣ.

“ಮನೆಗ್ ಒಡಿ. ಟ್ರಂಕ್ ಇಳ್ಸಿ ಗುದ್ಲಿ ತಕಂಬಾ. ಇವಳೊಬ್ಬಳ್ನೇ ಬುಟ್ರೆ ಇನ್ನೇನ್ ಮಾಡ್ತಾಳೋ! ನಾನು ಇಲ್ಲೇ ಕಾಯ್ಕಂಡ್ ಕೂತಿರ್ತೀನಿ.”

ಆದರೆ ಅವರು ಕೂರಲಿಲ್ಲ. ಗಾಡಿಯಿಂದ ಇಳಿಸಿಕೊಂಡಿದ್ದ ಕುಡುಗೋಲು ಹಿಡಿದು ಮಂಗಳಮ್ಮ ಹುಲ್ಲು ಕೊಯ್ಯುತ್ತ ಮುಂದೆ ಹೋದಳು. ಹಿಂದೆ ಹಿಂದೆಯೇ ಅತ್ತೆ, ಕೊಯ್ದ ಜಾಗವನ್ನೆಲ್ಲ ಅಂಗೈಯಿಂದ ತಡವಿ ನೋಡುತ್ತ ಬಂದರು. “ಇಲ್ಲೊಂದ್ ಬಿಲ ಬುಟ್ಟಿದ್ದೀಯ, ಕಣ್ಣೆಲ್ಲಿಟ್ಟಿದ್ದೆ?” ಎಂದು ಗದರಿಸಿದರು. ಮೂಲೆಯಲ್ಲಿದ್ದ ಆ ಬಿಲಕ್ಕೆ ಒಂದು ಹಿಡಿ ಹುಲ್ಲು ತುರುಕಿದರು, ಗದ್ದೆಯಿಂದ ಕೆಸರು ಬಾಚಿ ಮೆತ್ತಿದರು, ಎರಡೂ ಕೈಯಿಂದ ಒತ್ತಿದರು. ಆಮೇಲೆ, ನೀರು ಇನ್ನೂ ಜಿನುಗುತ್ತಿದೆಯೇ ಎಂದು ಬಗ್ಗಿ ನೋಡಿದರು.