ಖಾಲಿ ತುಂಡಿನಲ್ಲಿ ಬರೆದ ಹೆಸರು

ಪ್ರಯೋಗಾಲಯದಲ್ಲಿ ಎಲ್ಲರೂ ಅವಳನ್ನು ಮೌನಿ ಎಂದೇ ಕರೆಯುತ್ತಿದ್ದರು. ಯೀಸ್ಟಿನ ಡಿಎನ್‌ಎ ತಿದ್ದಿ, ಬಟ್ಟೆಗೆ ಹಾಕುವ ನೀಲಿ ಬಣ್ಣವನ್ನು ಅದರಿಂದಲೇ ತೆಗೆಯುವುದು ಅವಳ ಕೆಲಸ. ನಾಲ್ಕು ವರ್ಷ ಕೈಕೊಟ್ಟದ್ದು ಐದನೆಯ ವರ್ಷ ಕೈಗೂಡಿತು. ಒಂದು ಬೆಳಗ್ಗೆ ಬಂದು ನೋಡಿದರೆ ಗಾಜಿನ ಪಾತ್ರೆಯ ತಳವೆಲ್ಲ ನೀಲಿ.

ಆ ಡಿಎನ್‌ಎಯಲ್ಲಿ ಯಾವ ಕೆಲಸವನ್ನೂ ಮಾಡದ ಒಂದು ಖಾಲಿ ತುಂಡಿತ್ತು. ಡಿಎನ್‌ಎಗೆ ಇರುವುದು ನಾಲ್ಕೇ ಅಕ್ಷರ. ಅವನ್ನು ಮೂರು ಮೂರಾಗಿ ಜೋಡಿಸಿ ಗುಟ್ಟಿನ ಲಿಪಿಯೊಂದನ್ನು ಕಟ್ಟಿಕೊಂಡು, ಆ ತುಂಡಿನಲ್ಲಿ ತನ್ನ ಹೆಸರನ್ನೂ ಹುಟ್ಟಿದ ತಾರೀಖನ್ನೂ ಬರೆದಳು. ಲಿಪಿಯ ಪಟ್ಟಿಯನ್ನು ಲಕೋಟೆಯಲ್ಲಿಟ್ಟು ಅಂಟಿಸಿ, ರಿಜಿಸ್ಟರ್ ಅಂಚೆಯಲ್ಲಿ ಅಕ್ಕನಿಗೆ ಕಳಿಸಿದಳು. ಒಡೆಯಬೇಡ, ಬೀರುವಿನಲ್ಲಿಡು ಎಂದಷ್ಟೇ ಹೇಳಿದಳು.

ಮರುವರ್ಷ ಪ್ರಯೋಗಾಲಯದ ನಿರ್ದೇಶಕ ಆ ಯೀಸ್ಟಿಗೆ ಪೇಟೆಂಟ್ ಅರ್ಜಿ ಹಾಕಿದ. ಅದರಲ್ಲಿದ್ದದ್ದು ಅವನೊಬ್ಬನದೇ ಹೆಸರು. ಕೇಳಲು ಹೋದವಳಿಗೆ, ತಲೆ ಕೂಡ ಎತ್ತದೆ, "ನೀವು ಕೈ ಆಡಿಸಿದ್ರಿ ಅಷ್ಟೇ. ತಲೆ ನಂದು" ಎಂದ. ತಿಂಗಳೊಪ್ಪತ್ತಿನಲ್ಲಿ ಅವಳ ಕೆಲಸವೂ ಹೋಯಿತು.

ಲಕೋಟೆಯಲ್ಲಿರುವುದೇನೆಂದು ಆಗಷ್ಟೇ ಅವಳಿಂದ ತಿಳಿದ ಅಕ್ಕ ಅದನ್ನು ಹಿಡಿದುಕೊಂಡು ಓಡಿ ಬಂದಳು, ಇವತ್ತೇ ಅವನ ಮುಖಕ್ಕೆ ಹಿಡಿ ಎಂದಳು.

"ಈಗ ಹಿಡಿದ್ರೆ ನನ್ನ ಹೆಸರೂ ಸೇರಿಸಿ ಬಾಯಿ ಮುಚ್ಚಿಸ್ತಾನೆ ಅಕ್ಕ. ಇನ್ನೂ ಮೇಲೆ ಹತ್ತಲಿ. ಬಿದ್ರೆ ಮತ್ತೆ ಏಳಬಾರದು."

ರಕ್ತ ಪರೀಕ್ಷೆಯ ಕೇಂದ್ರವೊಂದರಲ್ಲಿ ಸೀಸೆಗಳಿಗೆ ಚೀಟಿ ಅಂಟಿಸುತ್ತ ಆರು ವರ್ಷ ಕಾದಳು. ನಿರ್ದೇಶಕನಿಗೆ ಪೇಟೆಂಟ್ ಸಿಕ್ಕಿತು, ಶಾಲು ಹಾರ ಬಂದವು. ಪತ್ರಿಕೆಯಲ್ಲಿ ಬಂದ ಅವನ ಒಂದೊಂದು ಫೋಟೋವನ್ನೂ ಕತ್ತರಿಸಿಟ್ಟುಕೊಂಡಳು. ನಾಲ್ಕನೆಯ ವರ್ಷ ಅವನು ಸಣ್ಣ ಬಣ್ಣದ ಕಾರ್ಖಾನೆಯ ಒಡತಿಯೊಬ್ಬಳ ಮೇಲೆ, ತನ್ನ ಯೀಸ್ಟನ್ನು ಕದ್ದಿದ್ದಾಳೆಂದು ದಾವೆ ಹೂಡಿದ. ಆಕೆ ಅದನ್ನು ಯಾರಿಂದಲೋ ನಂಬಿ ಕೊಂಡವಳು. ಕೋರ್ಟಿನ ತಡೆಯಾಜ್ಞೆಯಿಂದ ಕಾರ್ಖಾನೆಗೆ ಬೀಗ ಬಿತ್ತು. ಮೌನಿ ಆಗಲೂ ತುಟಿ ಬಿಚ್ಚಲಿಲ್ಲ.

ಎರಡು ವರ್ಷದ ಮೇಲೆ ಕಟಕಟೆಯಲ್ಲಿ ನಿಂತು ನಿರ್ದೇಶಕ, ಇದರ ಒಂದೊಂದು ಅಕ್ಷರವನ್ನೂ ಜೋಡಿಸಿದವನು ತಾನೇ ಎಂದು ಪ್ರಮಾಣ ಮಾಡಿದ. ಆ ಒಂದು ಮಾತಿಗಾಗಿಯೇ ಅವಳು ಕಾದಿದ್ದಳು. ಅಂದೇ ಒಡತಿಯ ವಕೀಲರ ಮನೆ ಬಾಗಿಲು ತಟ್ಟಿದಳು.

ಮುಂದಿನ ವಿಚಾರಣೆಯಲ್ಲಿ ನ್ಯಾಯಾಧೀಶರ ಎದುರಿಗೇ ಲಕೋಟೆ ಒಡೆದರು. ಅಂಚೆಯ ಮುದ್ರೆ ಪೇಟೆಂಟ್ ಅರ್ಜಿಗಿಂತ ಏಳು ತಿಂಗಳು ಹಳೆಯದು. ಪೇಟೆಂಟಿನ ಪುಟಗಳಲ್ಲೇ ಅಚ್ಚಾಗಿದ್ದ ಅಕ್ಷರಗಳನ್ನು ಗುಮಾಸ್ತ ಲಕೋಟೆಯ ಪಟ್ಟಿ ನೋಡಿಕೊಂಡು ಮೂರು ಮೂರಾಗಿ ಓದುತ್ತ ಹೋದ. ಹೆಸರು ಮೂಡಿತು, ಆಮೇಲೆ ತಾರೀಖು. ನಿರ್ದೇಶಕ ಕುಡಿಯಲು ನೀರು ಕೇಳಿದ.

"ಎಲ್ಲಾ ಅಕ್ಷರ ನಿಮ್ಮದೇ ಆದ್ರೆ, ಈಕೆ ಹುಟ್ಟಿದ ತಾರೀಖು ಇದ್ರಲ್ಲಿ ಯಾಕಿದೆ ಸ್ವಾಮಿ?" ಎಂದರು ವಕೀಲರು.

ಮೌನಿ ಅವನ ಮುಖದಿಂದ ಕಣ್ಣು ಕೀಳಲಿಲ್ಲ. ಪೇಟೆಂಟ್ ರದ್ದಾಯಿತು, ಕುರ್ಚಿ ಹೋಯಿತು, ಸುಳ್ಳು ಪ್ರಮಾಣದ ಮೊಕದ್ದಮೆ ಹೆಗಲೇರಿತು.

ತೀರ್ಪಿನ ದಿನ ಕೋರ್ಟಿನ ಮೆಟ್ಟಿಲಲ್ಲಿ ಒಡತಿ ಅವಳ ಎರಡೂ ಕೈ ಹಿಡಿದುಕೊಂಡು ಅತ್ತಳು. ಆಮೇಲೆ ಏನೋ ಹೊಳೆದವಳಂತೆ ಮೆಲ್ಲಗೆ ಕೇಳಿದಳು: "ನನ್ನ ಕಾರ್ಖಾನೆಗೆ ಬೀಗ ಬಿದ್ದಾಗ್ಲೂ ಇದು ನಿಮಗೆ ಗೊತ್ತಿತ್ತಲ್ವಾ?"

"ಗೊತ್ತಿತ್ತು."

ಒಡತಿ ಕೈ ಬಿಟ್ಟಳು. ಮೆಟ್ಟಿಲಿಳಿದು ಹೋದಳು.

ಹೊಟ್ಟೆ ತಣ್ಣಗಾಯಿತೇ ಎಂದು ಅಕ್ಕ ಕೇಳಿದಳು. ಆಯಿತು ಎಂದಳು ಮೌನಿ, ಅದು ಸುಳ್ಳಲ್ಲ. ಆದರೆ ಒಡತಿ ಹೋದ ದಾರಿಯಲ್ಲಿ ನಡೆಯಲು ಅವಳಿಗೆ ಕಾಲು ಬರಲಿಲ್ಲ. ಅಕ್ಕನನ್ನು ಕರೆದುಕೊಂಡು ಹಿಂದಿನ ಗೇಟಿನಿಂದ ಹೊರಟಳು.